ಸಂತೆಯಿಂದ ತಂದ ನಾಲ್ಕು ಹ್ಯಾಟೆಗಳು

ಹಿತ್ತಲಿನಲ್ಲಿ ಹತ್ತು ಹದಿನೈದು ನಾಟಿ ಕೋಳಿ ಸಾಕಿಕೊಂಡಿರುವವರು ಸಂತೆಯಿಂದಾಗಲಿ, ಬೈಕಿಗೆ ಮಂಕರಿ ಕಟ್ಟಿಕೊಂಡು ಊರೂರು ತಿರುಗುವವರಿಂದಾಗಲಿ ಹೊಸ ಕೋಳಿ ಕೊಂಡರೆ, ಅವು ಎಷ್ಟೇ ಲಕ್ಷಣವಾಗಿ ಕಂಡರೂ ಅಂದೇ ಹಳೆಯ ಕೋಳಿಗಳ ಜೊತೆ ಬಿಡಬೇಡಿ. ಕಳೆದ ಯುಗಾದಿಗೆ ಮುಂಚೆ ನಾನು ಹಾಗೆ ಬಿಟ್ಟೆ. ಹೊಸವು ನಾಲ್ಕು, ಹಳೆಯವು ಹದಿನಾಲ್ಕು, ಒಟ್ಟು ಹದಿನೆಂಟು ಕೋಳಿಗಳಲ್ಲಿ ಹದಿನೈದು ರಾಣಿಖೇತ್ ಎಂಬ ಕಾಯಿಲೆ ಬಂದು ಸತ್ತವು. ಮೊದಲನೆಯದು ಸತ್ತ ದಿನದಿಂದ ಕೊನೆಯದು ಸಾಯುವವರೆಗೆ ಹಿಡಿದದ್ದು ಒಂಬತ್ತೇ ದಿನ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಕಸುಬು ರೇಷ್ಮೆ, ಅದರ ಪಕ್ಕದಲ್ಲಿ ಎರಡು ಹಸು, ಹಿತ್ತಲಿನಲ್ಲಿ ಕೋಳಿ. ಹಳೆಯ ಹದಿನಾಲ್ಕರಲ್ಲಿ ಒಂದು ಹುಂಜ, ಒಂಬತ್ತು ಹ್ಯಾಟೆ, ಇನ್ನೂ ಮೊಟ್ಟೆಗೆ ಬಾರದ ನಾಲ್ಕು ಎಳೆಯವು. ಹ್ಯಾಟೆಗಳಲ್ಲಿ ಎರಡು ಗಿರಿರಾಜ, ಅಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ಅಭಿವೃದ್ಧಿಪಡಿಸಿದ ತಳಿ, ಉಳಿದವೆಲ್ಲ ನಾಟಿ. ರೇಷ್ಮೆಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಏರಿದ ಮೇಲೆ ಅದು ಮೇಯ್ದ ಹಾಸಿಗೆಯಲ್ಲಿ ಉಳಿದ ಕಡ್ಡಿ ಕಸವನ್ನು ತಿಪ್ಪೆಗೆ ಹಾಕಿದರೆ ಇವು ಇಡೀ ದಿನ ಅದನ್ನೇ ಕೆದರುತ್ತಿದ್ದವು.

ಬೆಳಿಗ್ಗೆ ಸಂಜೆ ಹಾಲಿನ ಡೈರಿಯ ಮುಂದೆ ಸರದಿಗಾಗಿ ಕಾಯುವಾಗ ನಾವು ಐದಾರು ಮಂದಿ ಮಾತಾಡುವುದು ಬಹುಮಟ್ಟಿಗೆ ಕೋಳಿಯ ವಿಚಾರವನ್ನೇ. ಯಾರ ಹ್ಯಾಟೆ ಕಾವಿಗೆ ಕೂತಿತು, ಯಾರ ಮರಿಯನ್ನು ಮುಂಗುಸಿ ಒಯ್ದಿತು ಎಂದು ಶುರುವಾಗುವ ಮಾತು ಸ್ವಲ್ಪ ಹೊತ್ತಿನಲ್ಲೇ ಹಿಂದಿನ ಕಾಲಕ್ಕೆ ಹೋಗುತ್ತದೆ. ನಾನಂತೂ ಪ್ರತಿ ಸಲವೂ ನನ್ನ ಅಜ್ಜಿಯ ಕಥೆಯನ್ನೇ ಹೇಳುತ್ತೇನೆ. ಅವರು ಬೆಳಗಿನ ಜಾವ ಗೂಡಿನ ಬಾಗಿಲ ಕಲ್ಲನ್ನು ಅರ್ಧ ಸರಿಸಿ, ಒಂದೊಂದೇ ಹ್ಯಾಟೆಯನ್ನು ಹಿಡಿದು, ಹಿಂದೆ ಬೆರಳಿಟ್ಟು ನೋಡಿ, ಅಂದು ಮೊಟ್ಟೆಯಿಡುವುದನ್ನು ಮಂಕರಿಯಡಿ ಕವುಚಿ ಉಳಿದವನ್ನು ಹೊರಗೆ ಬಿಡುತ್ತಿದ್ದರು; ಇಲ್ಲದಿದ್ದರೆ ಅದು ಪಕ್ಕದ ಮನೆಯ ಹುಲ್ಲಿನ ಬಣವೆಯಲ್ಲಿ ಮೊಟ್ಟೆಯಿಟ್ಟು ಬರುತ್ತದೆ ಎಂಬುದು ಅವರ ಲೆಕ್ಕ. ಕಾವಿಗೆ ಕೂರಿಸುವಾಗ ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಮಂಕರಿಯಲ್ಲಿ ಒಂದು ಇದ್ದಿಲು, ಒಂದು ಕಬ್ಬಿಣದ ಚೂರು ಇಡುತ್ತಿದ್ದರು. ಬೇಸಿಗೆಯ ರಾತ್ರಿಗಳಲ್ಲಿ ನಾವು ಅಂಗಳದಲ್ಲಿ ಚಾಪೆ ಹಾಸಿ ಮಲಗಿದರೆ, ಗೂಡಿಗೆ ಬಾರದ ಎರಡು ಮೂರು ಪುಂಡ ಕೋಳಿಗಳು ಹುಣಸೆಮರದ ಕೊಂಬೆಯ ಮೇಲೆ ಮುದುಡಿ ಕೂತಿರುವುದು ಕಾಣುತ್ತಿತ್ತು. ಈ ಮಾತೆಲ್ಲ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಆಗೇನು ಲಸಿಕೆ ಇತ್ತಾ, ಡಾಕ್ಟರ್ ಇದ್ರಾ? ಆದ್ರೂ ಕೋಳಿ ಚೆನ್ನಾಗಿರ್ಲಿಲ್ವಾ?" ನಾನೂ ಹೌದೆಂದು ತಲೆಯಾಡಿಸಿದವನೇ. ಈ ಮಾತನ್ನು ಯಾಕೆ ಇಷ್ಟು ಬೆಳೆಸಿದೆನೆಂಬುದು ಮುಂದೆ ತಿಳಿಯುತ್ತದೆ.

ಯುಗಾದಿಗೆ ಮೂರು ವಾರ ಮುಂಚಿನ ಸಂತೆಗೆ ಹೋಗಿದ್ದೆ. ಹಬ್ಬದ ಮರುದಿನ ಹೊಸತೊಡಕಾದ್ದರಿಂದ ನಮ್ಮ ಸೀಮೆಯಲ್ಲಿ ಆ ದಿನಗಳಲ್ಲಿ ಕೋಳಿಯ ಬೆಲೆ ಏರುತ್ತದೆ, ದೂರದೂರದ ಊರುಗಳಿಂದ ಕೋಳಿಗಳು ಬರುತ್ತವೆ. ನಾನು ಕೊಯ್ಯುವುದಕ್ಕೆಂದು ಕೊಳ್ಳಲು ಹೋದವನಲ್ಲ. ಮನೆಯಲ್ಲಿ ಮೂರು ಹ್ಯಾಟೆಗಳು ಒಟ್ಟಿಗೆ ಕಾವಿಗೆ ಕೂತು ಮೊಟ್ಟೆ ಕಡಿಮೆಯಾಗಿತ್ತು. ಮಾರುವವನು ಕಾಲು ಕಟ್ಟಿದ ನಾಲ್ಕು ಹ್ಯಾಟೆಗಳನ್ನು ಗೋಣಿಚೀಲದ ಮೇಲೆ ಇಟ್ಟುಕೊಂಡು ಕೂತಿದ್ದ. "ನಮ್ಮ ಮನೇವೇ ಅಣ್ಣಾ, ಇಂಜೆಕ್ಷನ್ ಎಲ್ಲಾ ಆಗೈತೆ" ಎಂದ. ನಾನೂ ಕೋಳಿ ತಿಳಿದವನೆಂಬ ಗತ್ತಿನಲ್ಲಿ ಒಂದೊಂದನ್ನೂ ಎತ್ತಿ ನೋಡಿದೆ. ಜುಟ್ಟು ಕೆಂಪಗಿತ್ತು, ಕಣ್ಣು ಚುರುಕಾಗಿತ್ತು, ಎದೆಯಲ್ಲಿ ಮಾಂಸವಿತ್ತು, ಹಿಂಭಾಗದ ಪುಕ್ಕ ಒಣಗಿತ್ತು, ಊದಿ ನೋಡಿದರೆ ಹೇನೂ ಇರಲಿಲ್ಲ. 1,900 ರೂಪಾಯಿ ಕೊಟ್ಟು ತಂದು, ಕಾಲಿನ ದಾರ ಬಿಚ್ಚಿ, ಕತ್ತಲಾದ ಮೇಲೆ ಹಳೆಯವುಗಳ ನಡುವೆ ಗೂಡಿಗೆ ಸೇರಿಸಿದೆ. ಕತ್ತಲಲ್ಲಿ ಬಿಟ್ಟರೆ ಬೆಳಿಗ್ಗೆ ಕಚ್ಚಾಡುವುದಿಲ್ಲವೆಂದು ಅಜ್ಜಿ ಹೇಳಿಕೊಟ್ಟಿದ್ದರು. ನಿಜ, ಅವು ಕಚ್ಚಾಡಲಿಲ್ಲ.

ಆರನೆಯ ದಿನ ಹೊಸವುಗಳಲ್ಲಿ ಒಂದು ಮೇವಿಗೆ ಬರದೆ ಗೋಡೆಯ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು ನಿಂತಿತ್ತು. ಬಿಸಿಲಿನ ಝಳವೆಂದುಕೊಂಡು ನೆರಳಿನಲ್ಲಿ ನೀರಿಟ್ಟೆ. ಏಳನೆಯ ದಿನ ಬೆಳಿಗ್ಗೆ ಅದು ಸತ್ತಿತ್ತು. ಗೂಡಿನ ನೆಲದಲ್ಲಿ ಸುಣ್ಣದಂತೆ ಬೆಳ್ಳಗೂ ಎಲೆಯ ರಸದಂತೆ ಹಸಿರಾಗಿಯೂ ನೀರು ನೀರಾದ ಹಿಕ್ಕೆ ಇತ್ತು. ಒಂಬತ್ತನೆಯ ದಿನದಿಂದ ನಮ್ಮ ಹಳೆಯವು ಹಿಡಿದುಕೊಂಡವು. ಕತ್ತನ್ನು ಮುಂದಕ್ಕೆ ಚಾಚಿ, ಬಾಯಿ ತೆರೆದು, ಪ್ರತಿ ಉಸಿರಿಗೂ ಗೊರ್ ಎಂದು ಎಳೆಯುತ್ತಿದ್ದವು. ರಾತ್ರಿ ಆ ಸದ್ದು ಒಳಕೋಣೆಯವರೆಗೂ ಕೇಳುತ್ತಿತ್ತು. ಹುಂಜ ಸಾಯುವ ಹಿಂದಿನ ಸಂಜೆ ಒಂದು ರೆಕ್ಕೆಯನ್ನು ನೆಲಕ್ಕೆ ಎಳೆದುಕೊಂಡು ನಡೆಯಿತು. ಕಾವಿಗೆ ಕೂತಿದ್ದ ಹ್ಯಾಟೆಯೊಂದು ಮೊಟ್ಟೆಗಳ ಮೇಲೆಯೇ ಸತ್ತಿತು, ಮರಿಯಾಗಲು ಇನ್ನೂ ನಾಲ್ಕು ದಿನ ಇತ್ತು.

ಆ ದಿನಗಳಲ್ಲಿ ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಬೆಳ್ಳುಳ್ಳಿ ಅರಿಸಿನ ಅರೆದು ಕುಡಿಸಿದೆ. ಔಷಧಿ ಅಂಗಡಿಯೊಂದರಲ್ಲಿ ಕೊಟ್ಟ ಆಂಟಿಬಯೋಟಿಕ್ ಪುಡಿಯನ್ನು ನೀರಿಗೆ ಬೆರೆಸಿ ಮೂರು ದಿನ ಇಟ್ಟೆ. ಕಾಯಿಲೆಯ ಕೋಳಿಯನ್ನು ಮುಟ್ಟಿದ ಕೈಯಲ್ಲೇ ಚೆನ್ನಾಗಿರುವುದಕ್ಕೂ ಕುಡಿಸಿದೆ, ಒಂದೇ ಬಟ್ಟಲಿನಲ್ಲಿ. ಐದನೆಯದು ಸತ್ತ ಮೇಲೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋದೆ. ಮೊದಲ ಸತ್ತ ಕೋಳಿಯೊಂದಿಗೇ ಮಾಡಬೇಕಾದ ಕೆಲಸವದು.

ವೈದ್ಯರು ಮೊದಲು ಕೇಳಿದ್ದು ಊರಿನಲ್ಲಿ ಕಾಗೆಯೋ ಬೇರೆ ಹಕ್ಕಿಗಳೋ ಸತ್ತು ಬಿದ್ದಿವೆಯೇ ಎಂದು. 2025ರ ಆರಂಭದಲ್ಲಿ ನಮ್ಮ ಜಿಲ್ಲೆಯ ವರದಹಳ್ಳಿಯಲ್ಲಿ ಹಕ್ಕಿಜ್ವರ ದೃಢಪಟ್ಟು ಕೋಳಿಗಳನ್ನು ಕೊಂದು ಹೂಳಿದ್ದು ಎಲ್ಲರಿಗೂ ನೆನಪಿದೆ. ಹಕ್ಕಿಜ್ವರವೂ ರಾಣಿಖೇತ್ ಕಾಯಿಲೆಯೂ ಹೊರನೋಟಕ್ಕೆ ಒಂದೇ ರೀತಿ ಕಾಣುವುದರಿಂದ, ಒಮ್ಮೆಗೇ ಹಲವು ಕೋಳಿ ಸತ್ತರೆ ಮನೆಯಲ್ಲೇ ತೀರ್ಮಾನಿಸದೆ ಆಸ್ಪತ್ರೆಗೆ ತಿಳಿಸಲೇಬೇಕು ಎಂದರು. ಆಮೇಲೆ ಕೋಳಿಯನ್ನು ಕೊಯ್ದು ತೋರಿಸಿದರು. ಕಾಳು ಅರೆಯುವ ಗಟ್ಟಿ ಹೊಟ್ಟೆಗೆ ಮೊದಲು ಬೆರಳಿನಷ್ಟು ದಪ್ಪದ ಮೆತ್ತನೆಯ ಹೊಟ್ಟೆಯೊಂದಿರುತ್ತದೆ. ಅದನ್ನು ಸೀಳಿ ಮಗುಚಿದಾಗ ಒಳಗೋಡೆಯ ತುಂಬ ಸೂಜಿಯಿಂದ ಚುಚ್ಚಿದಂತೆ ರಕ್ತದ ಚುಕ್ಕೆಗಳು. ಲಕ್ಷಣಗಳೂ ಇದೂ ಸೇರಿದರೆ ರಾಣಿಖೇತ್ ಎಂದೇ ತೋರುತ್ತದೆ ಎಂದು ಹೇಳಿ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶವೂ ಅದೇ ಬಂತು. ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವುದು ಇದನ್ನೇ. ಉತ್ತರಾಖಂಡದ ಬೆಟ್ಟದ ಊರು ರಾಣಿಖೇತದಿಂದ ಆ ಹೆಸರು ಬಂದಿದೆ. ವೈರಸ್ ಕಾಯಿಲೆಯಾದ್ದರಿಂದ ಅಂಟಿಕೊಂಡ ಮೇಲೆ ಯಾವ ಔಷಧಿಯೂ ಇಲ್ಲ. ನಾನು ಕೊಟ್ಟ ಪುಡಿ ಕೋಳಿಗೆ ಯಾವ ಉಪಕಾರವನ್ನೂ ಮಾಡಿರಲಿಲ್ಲ. ವೈರಸ್ ಒಳಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ ಎರಡು ವಾರದವರೆಗೂ ಬೇಕಾಗುತ್ತದಂತೆ. ಸಂತೆಯಲ್ಲಿ ನಾನು ನೋಡಿದ ಕೆಂಪು ಜುಟ್ಟಿಗೂ ಚುರುಕು ಕಣ್ಣಿಗೂ ಅಷ್ಟೇ ಬೆಲೆ.

ಆ ಮಾರಾಟಗಾರ ಸುಳ್ಳು ಹೇಳಿದನೆಂದು ನಾನು ಖಡಾಖಂಡಿತವಾಗಿ ಹೇಳಲಾರೆ. ಅವನ ಕೋಳಿಗಳಿಗೆ ಸಂತೆಯಲ್ಲೇ ಪಕ್ಕದ ಪಂಜರದಿಂದ ಅಂಟಿರಲೂಬಹುದು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಹನ್ನೊಂದನೆಯ ದಿನ, ಇನ್ನೂ ಏಳು ಕೋಳಿ ಬದುಕಿದ್ದಾಗ, ಕೋಳಿ ವ್ಯಾಪಾರಿಯೊಬ್ಬ ಬಾಗಿಲಿಗೆ ಬಂದು ಅರ್ಧ ಬೆಲೆಗೆ ಎಲ್ಲವನ್ನೂ ಒಯ್ಯುತ್ತೇನೆಂದ. ನಾನು ಒಪ್ಪಿಯೇಬಿಟ್ಟಿದ್ದೆ. ನನ್ನ ಹೆಂಡತಿ ಒಳಗಿನಿಂದ ಬಂದು, "ಇವು ನಾಳೆ ಯಾರ ಗೂಡಿಗೆ ಹೋಗ್ತವೆ ಅಂತ ಕೇಳಿದ್ರಾ?" ಎಂದಳು. ವ್ಯಾಪಾರಿ ಹಾಗೆಯೇ ಹೋದ. ಆ ರಾತ್ರಿ ನನಗೆ ಅಜ್ಜಿಯ ಕಾಲದ್ದೇ ಇನ್ನೊಂದು ಸಂಗತಿ ನೆನಪಾಯಿತು, ಡೈರಿಯ ಮುಂದೆ ನಾವು ಯಾರೂ ಹೇಳದ ಸಂಗತಿ. ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ "ಕೋಳಿಗೆ ರೋಗ ಬಂತು" ಎಂಬ ಮಾತು ಬೀದಿಯಲ್ಲಿ ಕೇಳಿದೊಡನೆ ಮನೆಮನೆಯಲ್ಲೂ ದಿನವೂ ಕೋಳಿ ಸಾರು ಆಗುತ್ತಿತ್ತು, ಉಳಿದ ಕೋಳಿಗಳು ಮುಂದಿನ ಸಂತೆಗೆ ಹೋಗುತ್ತಿದ್ದವು. ಗೂಡು ಬರಿದಾಗಿ, ಮಳೆ ಬಿದ್ದ ಮೇಲೆ ಯಾರದೋ ಮನೆಯಿಂದ ಒಂದು ಹ್ಯಾಟೆ ತಂದು ಮತ್ತೆ ಆರಂಭಿಸುತ್ತಿದ್ದರು. ಹುಣಸೆಮರದ ಮೇಲಿನ ಕೋಳಿಗಳು ನಮ್ಮ ನೆನಪಿನಲ್ಲಿ ಉಳಿದವು, ಸಂತೆಗೆ ಹೋದವು ಉಳಿಯಲಿಲ್ಲ.

ನನಗೆ ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ನಾನು ರೇಷ್ಮೆಯವನು. ಹುಳುಮನೆಯ ಬಾಗಿಲಲ್ಲಿ ಚಪ್ಪಲಿ ಬಿಡದೆ, ಕೈ ತೊಳೆಯದೆ ಸ್ವಂತ ತಮ್ಮನನ್ನೂ ಒಳಗೆ ಬಿಡುವುದಿಲ್ಲ. ರೇಷ್ಮೆಹುಳುವಿಗೆ ಬರುವ ಗಂಟುರೋಗದ ಭಯಕ್ಕೆ ಪರೀಕ್ಷೆಯಾದ ರೋಗರಹಿತ ಹುಳುಮೊಟ್ಟೆಯನ್ನಲ್ಲದೆ ಬೇರೆಯದನ್ನು ಮನೆಗೆ ತರುವುದಿಲ್ಲ. ಒಂದು ಬೆಳೆ ಮುಗಿದರೆ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ತೊಳೆದಲ್ಲದೆ ಇನ್ನೊಂದು ಬೆಳೆ ಇಡುವುದಿಲ್ಲ. ಅಂಥವನು ಹತ್ತು ಮಾರು ದೂರದ ಕೋಳಿಗೂಡಿಗೆ ಸಂತೆಯ ಕೋಳಿಯನ್ನು ಕತ್ತಲಲ್ಲಿ ಕೈಯಾರೆ ಬಿಟ್ಟೆ.

ಈಗ ಮಾಡುತ್ತಿರುವುದನ್ನು ಹೇಳುತ್ತೇನೆ, ಬೇಕಾದವರು ಹೀಗೆ ಮಾಡಬಹುದು. ಸತ್ತವನ್ನು ತೋಟದ ಅಂಚಿನಲ್ಲಿ, ಬಾವಿಯಿಂದ ದೂರ, ನಾಯಿ ಕೆದರದಷ್ಟು ಆಳಕ್ಕೆ ಸುಣ್ಣ ಹಾಕಿ ಹೂತೆ. ಗೂಡಿನ ಹಾಸು, ಹಿಕ್ಕೆಯನ್ನು ಕೆರೆದು ಸುಟ್ಟು, ಹುಳುಮನೆಗೆ ಬಳಸುವ ಬ್ಲೀಚಿಂಗ್ ಪುಡಿಯ ನೀರಿನಿಂದಲೇ ತೊಳೆದು, ಎರಡು ತಿಂಗಳು ಬಿಸಿಲಿಗೆ ತೆರೆದಿಟ್ಟೆ. ಈ ಕೆಲಸ ಮಾಡುವಾಗ ಕಣ್ಣು ಉಜ್ಜಿಕೊಳ್ಳಬೇಡಿ, ಕೈ ಸೋಪಿನಿಂದ ತೊಳೆಯಿರಿ; ಈ ವೈರಸ್ಸಿನಿಂದ ಮನುಷ್ಯರಿಗೆ ಕೆಲವೊಮ್ಮೆ ಕಣ್ಣು ಕೆಂಪಾಗುವುದುಂಟೆಂದು ವೈದ್ಯರು ಎಚ್ಚರಿಸಿದ್ದರು. ಹೊಸ ಕೋಳಿ ತಂದರೆ ಈಗ ಮನೆಯ ಮುಂಭಾಗದ ಹಳೆಯ ದನದ ಕೊಟ್ಟಿಗೆಯಲ್ಲಿ ಒಂದು ತಿಂಗಳು ಬೇರೆಯಾಗಿ ಇಡುತ್ತೇನೆ. ಅವಕ್ಕೆ ಬೇರೆ ಬಟ್ಟಲು, ಬೇರೆ ಪೊರಕೆ. ಹಳೆಯವಕ್ಕೆ ಮೇವು ಹಾಕಿದ ಮೇಲೆಯೇ ಅವುಗಳ ಹತ್ತಿರ ಹೋಗುತ್ತೇನೆ, ಹಿಂದುಮುಂದಾಗಿ ಅಲ್ಲ.

ಲಸಿಕೆಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಗಿರಿರಾಜಗಳಿಗೆ ಮರಿಯಿದ್ದಾಗ ಒಂದು ಹನಿ ಹಾಕಿಸಿದ್ದೆವು, ಅದೇ ಸಾಕೆಂದುಕೊಂಡಿದ್ದೆ. ಸಾಲದು. ಮರಿಗೆ ಐದರಿಂದ ಏಳು ದಿನವಾದಾಗ ಲಸೋಟ ಅಥವಾ ಎಫ್ ಎಂಬ ರಾಣಿಖೇತ್ ಲಸಿಕೆಯ ಒಂದು ಹನಿ ಕಣ್ಣಿಗೋ ಮೂಗಿಗೋ, ನಾಲ್ಕನೆಯ ವಾರದ ಸುಮಾರಿಗೆ ಮತ್ತೊಮ್ಮೆ ಲಸೋಟ, ಎಂಟನೆಯ ವಾರದ ಹೊತ್ತಿಗೆ ಅದೇ ಕಾಯಿಲೆಯ ಆರ್‌2ಬಿ ಎಂಬ ಲಸಿಕೆಯ ಚುಚ್ಚುಮದ್ದು. ಆ ಮೂರನೆಯದನ್ನೇ ಹಿತ್ತಲಿನವರು ಬಿಡುವುದು. ಬಿಡಲು ಕಾರಣವೂ ಇದೆ: ಸೀಸೆ ತೆರೆದರೆ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಹತ್ತು ಕೋಳಿಯವನು ಉಳಿದ ತೊಂಬತ್ತನ್ನು ಏನು ಮಾಡಬೇಕು? ಇದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ ಡೈರಿಯ ಮುಂದಿನ ಆ ಹರಟೆಯ ಗುಂಪೇ. ಎಂಟು ಮನೆಯವರು ಸೇರಿ ಒಂದೇ ದಿನ ಗೊತ್ತುಮಾಡಿ, ಥರ್ಮಾಸ್ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ತುಂಬಿ ಲಸಿಕೆ ತರಿಸಿ, ಬೆಳಗಿನ ತಂಪಿನಲ್ಲಿ ಎಲ್ಲರ ಕೋಳಿಗೂ ಹಾಕಿಸುತ್ತೇವೆ. ಮಂಜುಗಡ್ಡೆ ಇಲ್ಲದೆ ಅಂಗಿ ಜೇಬಿನಲ್ಲಿ ತಂದ ಲಸಿಕೆ ಹಾಕಿಸಿದರೂ ಒಂದೇ, ಬಿಟ್ಟರೂ ಒಂದೇ. ಬ್ಲೀಚಿಂಗ್ ಬೆರೆತ ನಲ್ಲಿ ನೀರಿನಲ್ಲಿ ಕಲಸಿದರೂ ಅದು ಸಾಯುತ್ತದೆ. ಆಗಲೇ ಮಂಕಾಗಿರುವ ಕೋಳಿಗಳಿಗೆ ಲಸಿಕೆ ಹಾಕಿಸಿ ಗುಣವಾಗಲೆಂದು ಕಾಯುವುದೂ ವ್ಯರ್ಥ. ಊರಿನ ಇನ್ನುಳಿದ ಮನೆಗಳವರು ಇನ್ನೂ ಬಂದಿಲ್ಲ; ಹಬ್ಬಕ್ಕೆ ಕೊಯ್ಯುವ ಕೋಳಿಗೆ ಲಸಿಕೆ ಯಾಕೆ ಎನ್ನುತ್ತಾರೆ.

ಉಳಿದ ಮೂರರಲ್ಲಿ ಎರಡು ಗಿರಿರಾಜಗಳೇ. ಮೂರನೆಯದು ಎಳೆಯ ನಾಟಿ, ಈಗ ಮೊಟ್ಟೆಗೆ ಬಂದಿದೆ. ಕಾಯಿಲೆ ಬಿಟ್ಟು ಹೋದರೂ ಅದರ ಕತ್ತು ಒಂದು ಕಡೆಗೆ ತಿರುಚಿಕೊಂಡು ಕಣ್ಣು ಆಕಾಶದ ಕಡೆಗೆ ನಿಂತುಬಿಟ್ಟಿದೆ. ರಾಗಿ ಚೆಲ್ಲಿದರೆ ಕಾಳಿಗೆ ಗುರಿಯಿಟ್ಟು ಕುಕ್ಕುತ್ತದೆ, ಕೊಕ್ಕು ಒಂದು ಅಂಗುಲ ಆಚೆ ಬೀಳುತ್ತದೆ, ಮತ್ತೆ ಕುಕ್ಕುತ್ತದೆ. ಉಳಿದೆರಡು ಅಷ್ಟರಲ್ಲಿ ಎಲ್ಲವನ್ನೂ ಮುಗಿಸಿಬಿಡುವುದರಿಂದ, ನನ್ನ ಹೆಂಡತಿ ಅದಕ್ಕೆ ಮಾತ್ರ ಅಂಚು ಎತ್ತರದ ಒಂದು ಬೋಗುಣಿಯಲ್ಲಿ ಬೇರೆಯಾಗಿ ಹಾಕಿ, ಅದು ತಿಂದು ಮುಗಿಸುವವರೆಗೆ ಪಕ್ಕದಲ್ಲಿ ಕೂತಿರುತ್ತಾಳೆ.