ಒದೆಯುವ ಕೋವಿ, ತಳ್ಳುವ ಕೋವಿ: ನಾಲ್ಕನ್ನೂ ಹೆಗಲಿಗಿಟ್ಟು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನಗೆ ಹಿಡಿಸಿದ್ದು ಮೂರೂವರೆ ಕಿಲೋ ತೂಗುವ, ಮದ್ದಿನ ಗ್ಯಾಸಿನ ಒತ್ತಡದಿಂದ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ 12 ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ, ಅಂಕಿ ದೊಡ್ಡದಾದಷ್ಟು ನಳಿಗೆ ಸಣ್ಣ) ಸೆಮಿ ಆಟೊಮ್ಯಾಟಿಕ್ ಕೋವಿ. ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಅದಕ್ಕೂ ಮುಂಚೆ ಎರಡೂವರೆ ಕಿಲೋದ ಒಂಟಿ ನಳಿಗೆ ಕೋವಿಯೊಂದನ್ನು ಹೊಸದಾಗಿ ಕೊಂಡು ಎಂಟು ತಿಂಗಳು ಒದೆ ತಿಂದಿದ್ದೆ, ಅಂದರೆ ಈಡು ಹಾರಿದಾಗ ಕೋವಿ ಹಿಂದಕ್ಕೆ ಬಂದು ಹೆಗಲಿಗೆ ಕೊಡುವ ಏಟು. ನಡುವೆ, ಶೂಟಿಂಗ್ ರೇಂಜಿನಲ್ಲಿ ಪರಿಚಯವಾದವರು ತಮ್ಮ ಜೋಡು ನಳಿಗೆಯನ್ನೂ ಒಂದು 20 ಬೋರನ್ನೂ ಹೊಡೆದು ನೋಡಲು ಕೊಟ್ಟರು. ನಾಲ್ಕರಲ್ಲೂ ಕಡಿಮೆ ಅಂದರೂ ಇನ್ನೂರು ತೋಟಾ ಹೊಡೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಹೊಡೆಯುವುದು ಟ್ರ್ಯಾಪ್. ಮುಂದಿನಿಂದ ಚಿಮ್ಮಿ ದೂರಕ್ಕೆ ಹಾರಿಹೋಗುವ ಕ್ಲೇ ಬಿಲ್ಲೆಗಳಿಗೆ ಗುರಿಯಿಡುವ ಆಟ. ಒಂದು ಸುತ್ತಿಗೆ 25 ಬಿಲ್ಲೆ. ದಿನಕ್ಕೆ ಎರಡು ಸುತ್ತು, ಕೆಲವೊಮ್ಮೆ ಮೂರು. ಇಡೀ ದಿನ ಕೋವಿ ಹೊತ್ತು ನಡೆದು ಒಂದೋ ಎರಡೋ ಈಡು ಹೊಡೆಯುವವರಿಗೆ ನನ್ನ ಮಾತು ಒಗ್ಗಲಿಕ್ಕಿಲ್ಲ.

ಒಂಟಿ ನಳಿಗೆಯದನ್ನು ಆರಿಸಿದ್ದಕ್ಕೆ ಕಾರಣ ಬೆಲೆ ಮತ್ತು ತೂಕ. ಕೈಗೆತ್ತಿಕೊಂಡರೆ ಗರಿಯಷ್ಟು ಹಗುರ. ಹೆಗಲಿಗೆ ತಂದರೆ ಸರ್ರನೆ ಬರುತ್ತದೆ. ಹೊಸಬರಿಗೆ ಇದೇ ಸರಿ, ತೋಳು ಸೋಲುವುದಿಲ್ಲ ಎಂದು ಬಲ್ಲವರು ಹೇಳಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ತೋಟಾ ಹಾಕದೆ ಎತ್ತಿ ನೋಡಿದ ಕೋವಿ ನಿಮಗೆ ಏನನ್ನೂ ಹೇಳುವುದಿಲ್ಲ. ಹೇಳುವುದು ಇಪ್ಪತ್ತನೇ ಈಡಿನ ನಂತರ.

ಲೆಕ್ಕ ಆಮೇಲೆ ಹಾಕಿದೆ. 28 ಗ್ರಾಂ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು), ಅದರ ಹಿಂದಿನ ಪ್ಲಾಸ್ಟಿಕ್ ಬಿರಡೆಯಾದ ವ್ಯಾಡ್ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಗೆ ಹೋಗುತ್ತವೆ, ಮದ್ದಿನ ಹೊಗೆ ಇನ್ನೂ ವೇಗವಾಗಿ. ಅಷ್ಟೇ ನೂಕು ಹಿಂದಕ್ಕೂ ಬರುತ್ತದೆ. ಎರಡೂವರೆ ಕಿಲೋದ ಕೋವಿ ಸೆಕೆಂಡಿಗೆ ಸುಮಾರು 5.3 ಮೀಟರ್ ವೇಗದಲ್ಲಿ ಹೆಗಲಿಗೆ ಬಡಿಯುತ್ತದೆ. ಮೂರೂವರೆ ಕಿಲೋದ್ದು 3.8 ಮೀಟರ್ ವೇಗದಲ್ಲಿ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಮೊದಲಿನದು ಸುಮಾರು 35 ಜೂಲ್, ಎರಡನೆಯದು 25. ತೋಟಾ ಒಂದೇ, ಹೊಡೆಯುವವರು ಒಬ್ಬರೇ. ಒಂದು ಕಿಲೋ ಮರ ಮತ್ತು ಉಕ್ಕು ಇಷ್ಟು ವ್ಯತ್ಯಾಸ ಮಾಡುತ್ತದೆ. ಅದೇ ಹಗುರ ಕೋವಿಗೆ 36 ಗ್ರಾಂ ತೋಟಾ ಹಾಕಿದರೆ 55 ಜೂಲ್ ಹತ್ತಿರ ಹೋಗುತ್ತದೆ. ಗೊತ್ತಿಲ್ಲದೆ ಒಮ್ಮೆ ಹಾಕಿದ್ದೆ. ಎರಡು ಈಡಿಗೇ ಸಾಕೆನಿಸಿ ಉಳಿದದ್ದನ್ನು ವಾಪಸ್ ಡಬ್ಬಿಗೆ ಹಾಕಿದೆ.

ಹೆಗಲು ನೀಲಿಗಟ್ಟಿದ್ದು ದೊಡ್ಡ ವಿಷಯವಲ್ಲ, ನಾಲ್ಕು ದಿನಕ್ಕೆ ಹೋಗುತ್ತದೆ. ಕೆನ್ನೆಯ ಮೂಳೆಗೆ ಬೀಳುವ ಏಟು ಕೆಟ್ಟದ್ದು. ಆ ಕೋವಿಯ ಸ್ಟಾಕ್, ಅಂದರೆ ಹೆಗಲಿಗೂ ಕೆನ್ನೆಗೂ ಆನಿಸುವ ಮರದ ಭಾಗ, ಹಿಂದಕ್ಕೆ ಹೋದಂತೆ ಜಾಸ್ತಿ ಕೆಳಗಿಳಿಯುತ್ತದೆ. ನಳಿಗೆಯ ಗೆರೆಗಿಂತ ಬಟ್ (ಸ್ಟಾಕಿನ ಹೆಗಲಿಗೆ ತಾಗುವ ಕೊನೆ) ತುಂಬ ಕೆಳಗಿದ್ದರೆ ಕೋವಿ ನೇರ ಹಿಂದಕ್ಕೆ ಬರುವುದಿಲ್ಲ. ಮೂತಿ ಮೇಲಕ್ಕೇಳುತ್ತದೆ, ಜೊತೆಗೆ ಸ್ಟಾಕಿನ ಮೇಲಂಚು ಕೆನ್ನೆಗೆ ಹೊಡೆಯುತ್ತದೆ. ಟ್ರಿಗರ್ ಗಾರ್ಡಿನ ಹಿಂಭಾಗ ನಡುಬೆರಳ ಗೆಣ್ಣಿಗೆ ತಾಗುತ್ತಿತ್ತು. ಅದಕ್ಕೆ ಟೇಪ್ ಸುತ್ತಿಕೊಂಡು ಹೊಡೆದೆ.

ಇನ್ನು ರಬ್ಬರ್ ಪ್ಯಾಡಿನ ಕಥೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಒದೆತ ಜಾಸ್ತಿ ಎಂದ ಕೂಡಲೇ ಎಲ್ಲರೂ ಹೇಳುವ ಮೊದಲ ಮದ್ದು ಇದೇ ಅಲ್ವಾ? ನನ್ನ ಕೋವಿಯ ಬಟ್ಟಿಗೆ ಗಟ್ಟಿ ಪ್ಲಾಸ್ಟಿಕ್ ತಟ್ಟೆ ಇತ್ತು. ಅದರ ಮೇಲೆ ಕಾಲ್ಚೀಲದ ಹಾಗೆ ಏರಿಸುವ ರಬ್ಬರ್ ಪ್ಯಾಡ್ ತಂದೆ. ಎರಡೂವರೆ ಸೆಂಟಿಮೀಟರ್ ದಪ್ಪ. ಮನೆಯಲ್ಲಿ ಹೆಗಲಿಗಿಟ್ಟು ನೋಡಿದಾಗ ಮೆತ್ತಗಿತ್ತು. ರೇಂಜಿಗೆ ಹೋಗಿ ಮೊದಲ ಸುತ್ತು ಹೊಡೆದಾಗ ಹೆಗಲಿನ ನೋವು ನಿಜಕ್ಕೂ ಕಮ್ಮಿ ಅನ್ನಿಸಿತು. ಸಂಜೆ ಅಂಗಿ ತೆಗೆದು ನೋಡಿದರೆ ನೀಲಿ ಗುರುತು ಹೆಗಲಿನಿಂದ ತೋಳಿಗೆ ಇಳಿದಿತ್ತು.

ಕಾರಣ ಹುಡುಕಲು ಎರಡು ವಾರ ಬೇಕಾಯಿತು. ಟ್ರಿಗರಿನಿಂದ ಬಟ್ಟಿನ ಕೊನೆಯವರೆಗಿನ ಉದ್ದ ನಮ್ಮ ತೋಳಿಗೆ, ಕತ್ತಿಗೆ ಹೊಂದಬೇಕು. ನನಗೆ ಆ ಕೋವಿಯ ಉದ್ದ ಮೊದಲೇ ಸರಿಯಾಗಿತ್ತು. ಪ್ಯಾಡ್ ಬಂದು ಎರಡೂವರೆ ಸೆಂಟಿಮೀಟರ್ ಹೆಚ್ಚಾಯಿತು. ಕೋವಿ ಎತ್ತುವಾಗ ರಬ್ಬರ್ ಕಂಕುಳ ಹತ್ತಿರ ಅಂಗಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿಲ್ಲೆ ಆಗಲೇ ಹಾರಿರುತ್ತದೆ, ಅವಸರ. ಹೆಗಲಿನ ಗುಳಿಗೆ ಕೂರಬೇಕಾದ ಬಟ್ ತೋಳಿನ ಮೇಲ್ಭಾಗದಲ್ಲೇ ನಿಂತುಬಿಡುತ್ತಿತ್ತು. ಅಲ್ಲಿ ಅದನ್ನು ತಡೆಯಲು ಮೈಯ ಭಾರ ಇಲ್ಲ, ಬರೀ ಮೂಳೆ ಮತ್ತು ಮಾಂಸ. ಪ್ಯಾಡ್ ಉಳಿಸಿದ್ದನ್ನೆಲ್ಲ ತಪ್ಪು ಜಾಗ ಕಳೆಯಿತು.

ಇದಕ್ಕೆ ಸರಿಯಾದ ದಾರಿ ಬೇರೆ. ಪ್ಯಾಡ್ ಎಷ್ಟು ದಪ್ಪವೋ ಅಷ್ಟು ಮರವನ್ನು ಸ್ಟಾಕಿನಿಂದ ಕೊಯ್ದು, ಪ್ಯಾಡನ್ನು ಸ್ಕ್ರೂ ಹಾಕಿ ಕೂರಿಸಬೇಕು. ಬಟ್ಟೆಗೆ ಸಿಕ್ಕಿಕೊಳ್ಳದಂತೆ ಅದರ ಮೇಲಂಚನ್ನು ದುಂಡಗೆ, ನುಣ್ಣಗೆ ಮಾಡಬೇಕು. ಹೊಸ ಕೋವಿಯ ಮರ ಕೊಯ್ಯಲು ನನಗೆ ಮನಸ್ಸು ಬರಲಿಲ್ಲ, ಒಂದು ತಿಂಗಳು ತಡಮಾಡಿದೆ. ಕೊಯ್ಯಿಸಿದ ಮೇಲೆ ತೋಳಿನ ನೋವು ನಿಂತಿತು. ಕೆನ್ನೆಯ ಏಟು ಮಾತ್ರ ಹಾಗೇ ಉಳಿಯಿತು. ಪ್ಯಾಡ್ ಹೆಗಲಿಗೆ ಹಾಕುವ ಮದ್ದು, ಕೆನ್ನೆಗೆ ಅದು ಏನೂ ಮಾಡುವುದಿಲ್ಲ.

ಸ್ಟಾಕಿನ ಬೋಲ್ಟಿನ ತೂತಿನೊಳಗೆ 300 ಗ್ರಾಂ ಸೀಸವನ್ನೂ ತುಂಬಿಸಿ ನೋಡಿದೆ. ಒದೆತ 35 ಜೂಲಿನಿಂದ 31ರ ಸುತ್ತ ಇಳಿಯಿತು. ಆದರೆ ಭಾರವೆಲ್ಲ ಹಿಂದೆ ಸೇರಿ ಮೂತಿ ತೇಲಾಡತೊಡಗಿತು, ಬಿಲ್ಲೆಯ ಹಿಂದೆ ಸಮನಾಗಿ ತಿರುಗಲಿಲ್ಲ.

ಒಂಟಿ ನಳಿಗೆಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ಒಂದೇ, ತೋಟಾ ಬದಲಿಸಿದ್ದು. 24 ಗ್ರಾಂ ಚರೆಯ ತೋಟಾ ಹಾಕಿದರೆ ಅದು ಸುಮಾರು 26 ಜೂಲ್ ಒದೆಯುತ್ತದೆ. ಅಂದರೆ ಭಾರದ ಕೋವಿಯಲ್ಲಿ 28 ಗ್ರಾಂ ಹೊಡೆದಷ್ಟು. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಹೊಡೆಯುವುದೂ 24 ಗ್ರಾಂ ತೋಟಾವನ್ನೇ. ಅದರಿಂದ ಬಿಲ್ಲೆ ಒಡೆಯುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಈಗ ಹಗುರ ಕೋವಿ ಇಟ್ಟುಕೊಂಡಿರುವವರು ಬೇರೇನೂ ಕೊಳ್ಳುವ ಮೊದಲು ಇದನ್ನು ಮಾಡಿ.

ಆದರೆ ನಾನು ಇದನ್ನು ಕಲಿಯುವ ಹೊತ್ತಿಗೆ ಬೆಚ್ಚುವ ಚಾಳಿ ಹತ್ತಿಬಿಟ್ಟಿತ್ತು. ಈ ಕೋವಿಯ ಮೇಲೆ ನನಗಿರುವ ದೊಡ್ಡ ದೂರು ಇದೇ. ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ನೂಕುತ್ತದೆ, ಮೂತಿ ಕೆಳಗೆ ಬೀಳುತ್ತದೆ. ನಮಗೆ ಅದು ಗೊತ್ತೇ ಆಗುವುದಿಲ್ಲ, ಈಡಿನ ಸದ್ದಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ರೇಂಜಿನಲ್ಲಿ ಹಿರಿಯರೊಬ್ಬರು ನನ್ನ ಕೈಯಿಂದ ಕೋವಿ ತೆಗೆದುಕೊಂಡು, ನನಗೆ ಕಾಣದ ಹಾಗೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಮದ್ದಿಲ್ಲದ ಡಮ್ಮಿ ಹಾಕಿ ಕೊಟ್ಟರು. ಡಮ್ಮಿ ಬಂದಾಗ ಟಕ್ ಎಂಬ ಸದ್ದಿನ ಜೊತೆ ನಳಿಗೆಯ ಮೂತಿ ಒಂದು ಗೇಣು ಕೆಳಗೆ ಹೋದದ್ದನ್ನು ನಾನೇ ಕಣ್ಣಾರೆ ಕಂಡೆ. ಐದರಲ್ಲಿ ಐದು ಸಲವೂ. ತಿಂಗಳುಗಟ್ಟಲೆ ಬಿಲ್ಲೆಯ ಕೆಳಗೆ ಯಾಕೆ ಹೊಡೆಯುತ್ತಿದ್ದೆ ಎಂಬುದು ಅವತ್ತು ಅರ್ಥವಾಯಿತು.

ಜೋಡು ನಳಿಗೆ, ಅಂದರೆ ನಳಿಗೆಗಳು ಒಂದರ ಮೇಲೊಂದು ಇರುವುದು, 3.6 ಕಿಲೋ ಇತ್ತು. ಎಷ್ಟು ಚೆಂದದ ಕೋವಿ! ಕೆಳಗಿನ ನಳಿಗೆ ಮೊದಲು ಹಾರುವುದರಿಂದ ಒದೆತ ಹೆಗಲಿನ ನೇರಕ್ಕೇ ಬರುತ್ತದೆ, ಮೂತಿ ಅಷ್ಟು ಏಳುವುದಿಲ್ಲ. ಕೆನ್ನೆಗೆ ಏಟಿಲ್ಲ. ಸ್ವಚ್ಛ ಮಾಡುವುದು ಸುಲಭ. ಮಡಚಿ ತೆರೆದಿಟ್ಟರೆ ಖಾಲಿ ಇದೆ ಎಂದು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಮೂರನೇ ಸುತ್ತಿನ ಹೊತ್ತಿಗೆ ಮಾತ್ರ ಒದೆತ ಚುರುಕಾಗಿ ತಾಗುತ್ತದೆ. ಅಷ್ಟನ್ನು ಸಹಿಸುತ್ತಿದ್ದೆ. ಬೆಲೆ ನನ್ನ ಕೈಗೆ ಎಟುಕಲಿಲ್ಲ, ಅಷ್ಟೇ. ದುಡ್ಡು ಇರುವವರು ಇದನ್ನೇ ಕೊಂಡರೆ ನಾನು ಬೇಡ ಅನ್ನುವುದಿಲ್ಲ.

20 ಬೋರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಇದೆ. ಬೋರ್ ಸಣ್ಣದು, ಆದ್ದರಿಂದ ಒದೆತವೂ ಸಣ್ಣದು ಎಂದು ಸಣ್ಣ ಮೈಕಟ್ಟಿನವರಿಗೆ, ಹುಡುಗರಿಗೆ ಅದನ್ನೇ ಕೊಡುತ್ತಾರೆ. ನಾನು ಹೊಡೆದದ್ದು 2.8 ಕಿಲೋ ತೂಗುತ್ತಿತ್ತು. ಅದರಲ್ಲಿ 24 ಗ್ರಾಂ ಚರೆಗೆ ಸುಮಾರು 23 ಜೂಲ್. ಅದೇ 24 ಗ್ರಾಂ ಮೂರೂವರೆ ಕಿಲೋದ 12 ಬೋರಿನಲ್ಲಿ ಸುಮಾರು 19. ಹೆಗಲಿಗೆ ನಳಿಗೆಯ ಅಗಲ ಗೊತ್ತಾಗುವುದಿಲ್ಲ. ಎಷ್ಟು ಚರೆ ಹೋಯಿತು, ಕೋವಿ ಎಷ್ಟು ಭಾರ ಇತ್ತು, ಇವಷ್ಟೇ ಗೊತ್ತಾಗುತ್ತವೆ. ಹೊಸಬರನ್ನು ಒದೆತದಿಂದ ಕಾಪಾಡಬೇಕು ಎನ್ನುವವರು ಎತ್ತಲು ಆಗುವಷ್ಟು ಭಾರದ ಕೋವಿಯನ್ನು, ಕಡಿಮೆ ಚರೆಯ ತೋಟಾದ ಜೊತೆ ಕೊಡಬೇಕು.

20 ಬೋರನ್ನು ನಾನು ಬಿಡಲು ಇನ್ನೊಂದು ಕಾರಣ ಇದೆ, ಅದು ಒದೆತದ್ದಲ್ಲ. 20 ಬೋರಿನ ತೋಟಾ 12 ಬೋರಿನ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಜಾಗ ಖಾಲಿ ಇದ್ದ ಹಾಗೆ ಕಾಣುತ್ತದೆ. ಅದರ ಹಿಂದೆ 12 ಬೋರಿನ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಎಡಗೈ ಇರುವ ಜಾಗದಲ್ಲೇ. ಅದಕ್ಕೇ 20 ಬೋರಿನ ತೋಟಾಗಳನ್ನು ಹಳದಿ ಬಣ್ಣದಲ್ಲಿ ಮಾಡುವ ರೂಢಿ. ಎರಡು ಬೋರ್ ಇಟ್ಟುಕೊಂಡವರು ಒಂದೇ ಜೇಬಿಗೆ ಎರಡು ಬಗೆಯ ತೋಟಾ ಹಾಕಲೇಬಾರದು. ನನಗೆ ಅವಸರದ ಸ್ವಭಾವ. ಆದ್ದರಿಂದ ಒಂದೇ ಬೋರ್ ಸಾಕು ಎಂದು ತೀರ್ಮಾನಿಸಿದೆ.

ಈಗ ನನ್ನ ಸೆಮಿ ಆಟೊಮ್ಯಾಟಿಕ್. ನಳಿಗೆಯ ಸಣ್ಣ ತೂತಿನಿಂದ ಸ್ವಲ್ಪ ಗ್ಯಾಸ್ ಹೊರಬಂದು ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಬೋಲ್ಟನ್ನು (ನಳಿಗೆಯ ಹಿಂಬಾಯಿ ಮುಚ್ಚುವ ತುಂಡು) ಹಿಂದಕ್ಕೆ ಒಯ್ದು, ಖಾಲಿ ತೋಟಾ ಎಸೆದು, ಹೊಸದನ್ನು ಒಳಗೆ ಹಾಕುತ್ತದೆ. ಒಟ್ಟು ನೂಕು ಎಲ್ಲೂ ಮಾಯವಾಗುವುದಿಲ್ಲ, ಅದು ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಹರಡಿಕೊಂಡು ಬರುತ್ತದೆ. ಗುದ್ದು ಇದ್ದದ್ದು ತಳ್ಳಿದ ಹಾಗಾಗುತ್ತದೆ. ಜೋಡು ನಳಿಗೆಗೂ ಇದಕ್ಕೂ ಜೂಲಿನ ಲೆಕ್ಕ ಹೆಚ್ಚುಕಮ್ಮಿ ಒಂದೇ, ಹೆಗಲಿನ ಲೆಕ್ಕ ಬೇರೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಹೆಸರು ಮಾಡಿದ್ದೂ ಈ ಮೆತ್ತನೆಯ ಗುಣದಿಂದಲೇ. ಕೊಳ್ಳುವಾಗ ಒಂದನ್ನು ಕೇಳಿ ತಿಳಿದುಕೊಳ್ಳಿ. ಎಲ್ಲ ಸೆಮಿ ಆಟೊಮ್ಯಾಟಿಕ್‌ಗಳೂ ಗ್ಯಾಸಿನಿಂದ ಓಡುವುದಿಲ್ಲ. ಕೆಲವು ಒದೆತದ ಜಡತ್ವದಿಂದಲೇ ಓಡುತ್ತವೆ. ಅವು ಹಗುರ, ಮಸಿಯೂ ಕಮ್ಮಿ, ಆದರೆ ಹೆಗಲಿಗೆ ಇಷ್ಟು ಹಿತವಿಲ್ಲ.

ಇದರಲ್ಲೂ ಕಾಟ ಇದೆ. ಗ್ಯಾಸ್ ಬರುವ ಜಾಗದಲ್ಲಿ ಮಸಿ ಕಟ್ಟುತ್ತದೆ. ಎರಡು ವಾರ ಒರೆಸದೆ ಬಿಟ್ಟರೆ 24 ಗ್ರಾಂ ತೋಟಾಕ್ಕೆ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ಬಾಯಲ್ಲೇ ಕಚ್ಚಿಕೊಳ್ಳುತ್ತದೆ. ನಾನು ರೇಂಜಿನಿಂದ ಬಂದ ದಿನವೇ ಬಿಚ್ಚಿ ಒರೆಸುವವನು, ಹಾಗಾಗಿ ತೊಂದರೆಯಿಲ್ಲ. ಖಾಲಿ ತೋಟಾ ಬಲಕ್ಕೆ ಹಾರಿ ಪಕ್ಕದವರಿಗೆ ತಾಗುತ್ತದೆ, ಅದನ್ನು ಹಿಡಿಯುವ ಸಣ್ಣ ಕ್ಲಿಪ್ ಸಿಗುತ್ತದೆ, ಹಾಕಿಸಿಕೊಳ್ಳಿ.

ಒಳ್ಳೆಯ ಕೋವಿ ಬಂದ ಕೂಡಲೇ ಬೆಚ್ಚುವುದು ನಿಲ್ಲಲಿಲ್ಲ. ಮೂರು ತಿಂಗಳು ಹಿಡಿಯಿತು. ಬರೀ 24 ಗ್ರಾಂ ತೋಟಾ, ದಿನಕ್ಕೆ ಒಂದೇ ಸುತ್ತು, ನಡುವೆ ನಡುವೆ ಡಮ್ಮಿ. ಕಿವಿಯೊಳಗೆ ಫೋಮ್ ಪ್ಲಗ್, ಅದರ ಮೇಲೆ ಇಯರ್ ಮಫ್. ಈ ಕೊನೆಯದು ಇಷ್ಟು ಉಪಯೋಗವಾದೀತು ಎಂದು ನಾನು ಎಣಿಸಿರಲಿಲ್ಲ. ಈಡಿನ ಸದ್ದು 140 ಡೆಸಿಬೆಲ್ ದಾಟುತ್ತದೆ. ಮೈ ಬೆಚ್ಚುವುದು ಒದೆತಕ್ಕೆ ಎಷ್ಟೋ ಆ ಸದ್ದಿಗೂ ಅಷ್ಟೇ. ಸದ್ದು ತಗ್ಗಿದ ವಾರದಲ್ಲೇ ಡಮ್ಮಿಗೆ ಮೂತಿ ಬೀಳುವುದು ಅರ್ಧಕ್ಕೆ ಇಳಿಯಿತು.

ನನ್ನಂತೆ ವಾರಕ್ಕೆ ನೂರು ತೋಟಾ ಹೊಡೆಯುವವರು, ಕೈಯಲ್ಲಿ ಜಾಸ್ತಿ ದುಡ್ಡಿಲ್ಲದವರು, ನೀವಿರುವಲ್ಲಿ ಪರವಾನಗಿ ಸಿಗುವುದಾದರೆ ಹಳೆಯ ಗ್ಯಾಸ್ ಸೆಮಿ ಆಟೊಮ್ಯಾಟಿಕ್ ಹುಡುಕಿ. ಸಿಗದಿದ್ದರೆ ಭಾರದ ಜೋಡು ನಳಿಗೆಗೆ ಇನ್ನೊಂದು ವರ್ಷ ದುಡ್ಡು ಕೂಡಿಸಿ, ಅಲ್ಲಿಯವರೆಗೆ ಕೇಳಿ ಪಡೆದದ್ದರಲ್ಲಿ ಹೊಡೆಯಿರಿ. ಒಂಟಿ ನಳಿಗೆಯನ್ನು ನಾನು ಕಳೆದ ತಿಂಗಳು ಮಾರಿದೆ. ಕೊಂಡವರು ದಿನಕ್ಕೆ ಹತ್ತು ಮೈಲಿ ನಡೆಯುವವರು, ವರ್ಷಕ್ಕೆ ಒಂದು ಡಬ್ಬಿ ತೋಟಾ ಮುಗಿಸುವವರು. ಸ್ಟಾಕಿನೊಳಗಿನ ಸೀಸ ತೆಗೆದು, ಉಳಿದಿದ್ದ 24 ಗ್ರಾಂ ತೋಟಾಗಳನ್ನೂ ಜೊತೆಗೆ ಕೊಟ್ಟೆ. ಮೊದಲು ಇವನ್ನೇ ಹೊಡೆಯಿರಿ, ಕಿವಿಗೆ ಎರಡು ಪದರ ಹಾಕಿಕೊಳ್ಳಿ ಎಂದು ಹೇಳಿ ಕಳಿಸಿದೆ.