ಡೆಬಿಯನ್ 13ರ ಓಪನ್‌ಎಸ್‌ಎಸ್‌ಎಚ್ ಸರ್ವರ್: ಹೊರೆ ಇಳಿದಿದೆ, ಪೂರ್ತಿ ಇಳಿದಿಲ್ಲ

ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಕೆಲಸದ ಬಗ್ಗೆ ನನಗೆ ದೂರಿಲ್ಲ. ಡೆಬಿಯನ್ ಅನ್ನುವ ಲಿನಕ್ಸ್ ವಿತರಣೆಯಲ್ಲಿ ಈ ಪ್ಯಾಕೇಜು ತನ್ನ ಜೊತೆ ಏನೇನು ಹೊತ್ತುಕೊಂಡು ಬರುತ್ತದೆ ಅನ್ನೋದರ ಬಗ್ಗೆ ಈ ವಿಮರ್ಶೆ.

ಹಿಂದಿನ ಡೆಬಿಯನ್ 12ರಲ್ಲಿ ಎಸ್‌ಎಸ್‌ಎಚ್‌ಡಿ (ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಮ್) ಮೇಲೆ, ಜೋಡಣೆಯಾದ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿ ಓಡಿಸಿದರೆ ಉದ್ದನೆಯ ಪಟ್ಟಿ ಬರುತ್ತದೆ. ಕರ್ಬರೋಸ್ (ಸಂಸ್ಥೆಗಳ ಕೇಂದ್ರೀಕೃತ ಲಾಗಿನ್ ವ್ಯವಸ್ಥೆ), ಟಿಸಿಪಿ ವ್ರ್ಯಾಪರ್ (ಯಾವ ವಿಳಾಸದಿಂದ ಬರಬಹುದು ಎಂದು ತಡೆಯುವ ಹಳೆಯ ಸಾಧನ), ಭದ್ರತೆಗೆ ಎಸ್‌ಇಲಿನಕ್ಸ್, ದಾಖಲೆಗೆ ಆಡಿಟ್, ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ. ಸಿಸ್ಟಮ್‌ಡಿ ಬೆನ್ನಿಗೆ ಎಲ್‌ಝಡ್4, ಝಡ್‌ಎಸ್‌ಟಿಡಿ, ಎಲ್‌ಝಡ್‌ಎಂಎ. ರೂಟ್ ಅಧಿಕಾರದಲ್ಲಿ ಓಡುವ, ಇಂಟರ್ನೆಟ್‌ಗೆ ನೇರವಾಗಿ ತೆರೆದಿರುವ ಲಾಗಿನ್ ಪ್ರೋಗ್ರಾಮಿಗೆ ಫೈಲ್ ಕುಗ್ಗಿಸುವ ಲೈಬ್ರರಿಗಳು ಇಷ್ಟೊಂದು ಯಾಕೆ?

ಕಾರಣ ತೀರಾ ಸಣ್ಣದು. ಸರ್ವರ್ ಶುರುವಾದ ಮೇಲೆ 'ರೆಡಿ=1' ಅನ್ನುವ ಒಂದು ಸಾಲನ್ನು ಸಾಕೆಟ್ ಮೂಲಕ ಸಿಸ್ಟಮ್‌ಡಿಗೆ ಕಳಿಸಬೇಕು, ಅಷ್ಟೇ. ಇದನ್ನು ಕೆಲವೇ ಸಾಲಿನ ಸಿ ಕೋಡ್‌ನಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಡೆಬಿಯನ್, ಫೆಡೋರಾ ಎರಡೂ ಕಡೆ ಪ್ಯಾಚ್ ಹಾಕಿ ಇಡೀ ಲಿಬ್‌ಸಿಸ್ಟಮ್‌ಡಿಯನ್ನೇ ಜೋಡಿಸಿದರು, ಅದಕ್ಕೆ ಜರ್ನಲ್ ಲಾಗ್ ಓದಲು ಕಂಪ್ರೆಷನ್ ಬೇಕು, ಹಾಗಾಗಿ ಅವೆಲ್ಲವೂ ಎಸ್‌ಎಸ್‌ಎಚ್‌ಡಿ ಒಳಗೆ ಬಂದು ಕೂತವು. ಮೂಲ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದು ಇರಲೇ ಇಲ್ಲ.

ಮೇಲಿನ ಎಲ್‌ಝಡ್‌ಎಂಎ ಲೈಬ್ರರಿ ಬರುವುದು ಎಕ್ಸ್‌ಝಡ್ ಅನ್ನುವ ಕಂಪ್ರೆಷನ್ ತಂತ್ರಾಂಶದಿಂದ. ಅದರಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗಲು ಬಿಡುವ ಕೋಡ್) ತೂರಿಸಿದವರು ಹಿಡಿದದ್ದು ಇದೇ ದಾರಿಯನ್ನು. ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿದ್ದ ಕೋಡ್, ಲಾಗಿನ್ ಹೊತ್ತಿನ ಆರ್‌ಎಸ್‌ಎ ಕೀ ಪರಿಶೀಲನೆಗೇ ಕೈ ಹಾಕಿತ್ತು. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಗಮನಿಸಿ, ಬಿಡದೆ ಬೆನ್ನು ಹತ್ತಿ, 2024ರ ಮಾರ್ಚ್ 29ರಂದು ಅದನ್ನು ಬಯಲಿಗೆ ತಂದವರು ಆಂಡ್ರೆಸ್ ಫ್ರಾಯಿಂಡ್ ಅನ್ನುವ ಸಾಫ್ಟ್‌ವೇರ್ ಡೆವಲಪರ್. ಎಲ್ಲರೂ ಬಳಸುವ ಡೆಬಿಯನ್‌ನ ಸ್ಟೇಬಲ್ ಆವೃತ್ತಿಗೆ ಅದು ತಲುಪಿರಲಿಲ್ಲ, ಮುಂದಿನ ಆವೃತ್ತಿ ತಯಾರಾಗುವ ಟೆಸ್ಟಿಂಗ್‌ಗೆ ಬಂದಾಗಿತ್ತು. ಒಂದು ಸಾಲಿನ ಸಂದೇಶಕ್ಕೆ ಕೊಡಬೇಕಾದ ಬೆಲೆಯಾ ಇದು?

ಡೆಬಿಯನ್‌ನವರು ಬೇಗನೆ ಎಚ್ಚೆತ್ತು ಆ ಜೋಡಣೆ ಕಿತ್ತು ಹಾಕಿದರು. ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಆ ಸಂದೇಶ ಕಳಿಸುವ ಕೋಡ್ ಮೂಲದಲ್ಲೇ ಸೇರಿತು, ಯಾವ ಹೊರಗಿನ ಲೈಬ್ರರಿಯೂ ಇಲ್ಲದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಇರುವುದು 10.0. ಈ ವಿಷಯದಲ್ಲಿ ನಾನು ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಟಿಸಿಪಿ ವ್ರ್ಯಾಪರ್ ಇನ್ನೂ ಹೋಗಿಲ್ಲ. ಮೂಲದವರು ಅದನ್ನು 2014ರಲ್ಲೇ, 6.7ರಲ್ಲಿ, ತೆಗೆದರು. ಡೆಬಿಯನ್ ಪ್ಯಾಚ್ ಹಾಕಿ ಉಳಿಸಿಕೊಂಡಿದೆ. ಟಿಸಿಪಿ ವ್ರ್ಯಾಪರ್ ಓದುವ, ತಡೆಯಬೇಕಾದ ವಿಳಾಸಗಳ ಹೋಸ್ಟ್ಸ್ ಡಿನೈ ಫೈಲ್ ನಂಬಿಕೊಂಡ ಹಳೆಯ ಸರ್ವರ್‌ಗಳು ಅಪ್‌ಗ್ರೇಡ್ ಆದಾಗ ಸುಮ್ನೆ ತೆರೆದುಕೊಂಡುಬಿಡುತ್ತವೆ ಅನ್ನುವ ಭಯ ನಿಜವೇ. ಆದರೂ ಆ ಕೆಲಸಕ್ಕೆ ಈಗ ಲಿನಕ್ಸ್‌ನ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್ ಇದೆ ಅಲ್ವಾ? ಕರ್ಬರೋಸ್ ಕೂಡ ಹಾಗೇ. ದೊಡ್ಡ ಸಂಸ್ಥೆ, ವಿಶ್ವವಿದ್ಯಾಲಯಗಳಿಗೆ ಬೇಕು. ಒಂದು ಕೀ ಇಟ್ಟುಕೊಂಡು ಒಂದು ಸಣ್ಣ ಸರ್ವರ್‌ಗೆ ಲಾಗಿನ್ ಆಗುವ ನಮ್ಮಂಥವರಿಗೆ ಬೇಡ.

ಇಲ್ಲಿ ಆಲ್ಪೈನ್ ಅನ್ನುವ ಇನ್ನೊಂದು ಲಿನಕ್ಸ್ ವಿತರಣೆ ನನಗೆ ಜಾಸ್ತಿ ಇಷ್ಟ. ಅಲ್ಲಿ ಸಾದಾ ಸರ್ವರ್ ಪ್ಯಾಕೇಜೇ ಬೇರೆ, ಪ್ಯಾಮ್ (ಲಾಗಿನ್ ತಪಾಸಣೆಯ ಮಾಡ್ಯೂಲ್‌ಗಳನ್ನು ಜೋಡಿಸುವ ವ್ಯವಸ್ಥೆ) ಇರುವುದು ಬೇರೆ, ಕರ್ಬರೋಸ್ ಇರುವುದು ಬೇರೆ. ಪ್ಯಾಮ್ ಮೂಲಕ ಓಟಿಪಿ ಬೇಕಾದವರು ಆ ಪ್ಯಾಕೇಜನ್ನೇ ಕೇಳಿ ಹಾಕಿಕೊಳ್ಳಬೇಕು. ಅದೇ ಸರಿ ಕೂಡ. ಇನ್ನೊಂದು ಮಾತು, ಪ್ಯಾಮ್ ಮಾಡ್ಯೂಲ್‌ಗಳು ಎಸ್‌ಎಸ್‌ಎಚ್‌ಡಿ ಓಡುವಾಗ ಲೋಡ್ ಆಗುತ್ತವೆ, ಎಲ್‌ಡಿಡಿ ಪಟ್ಟಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಪಟ್ಟಿ ಚಿಕ್ಕದಾಯಿತು ಅಂತ ನಿಶ್ಚಿಂತೆಯಾಗಿ ಕೂರಬೇಡಿ, ಪ್ಯಾಮ್ ಡೈರೆಕ್ಟರಿಯಲ್ಲಿರುವ ಎಸ್‌ಎಸ್‌ಎಚ್‌ಡಿ ಫೈಲ್, ಅದು ಒಳಗೆ ಕರೆಯುವ ಕಾಮನ್ ಫೈಲ್‌ಗಳು, ಎಲ್ಲವನ್ನೂ ತೆರೆದು ನೋಡಿ.

ಐದಕ್ಕೆ ಮೂರೂವರೆ. ಕರ್ಬರೋಸ್ ಭಾಗವನ್ನು ಮುಂದಿನ ಡೆಬಿಯನ್‌ನಲ್ಲಿ ಬೇರೆ ಪ್ಯಾಕೇಜಿಗೆ ಸಾಗಿಸುವ ಯೋಜನೆ ಇದೆ. ಅದನ್ನು ನಿಜವಾಗಿ ಬಳಸುವವರು ಓಪನ್‌ಎಸ್‌ಎಸ್‌ಎಚ್-ಸರ್ವರ್-ಜಿಎಸ್‌ಎಸ್‌ಎಪಿಐ ಪ್ಯಾಕೇಜನ್ನು ಈಗಲೇ ಹಾಕಿಟ್ಟುಕೊಳ್ಳಿ, ಅಪ್‌ಗ್ರೇಡ್ ಆದ ದಿನ ಲಾಗಿನ್ ನಿಂತುಹೋಗುವುದಿಲ್ಲ.