ಪಾರಿವಾಳದ ಬಲೆ ನಂಬಿ ಬೆಕ್ಕನ್ನು ಬಾಲ್ಕನಿಗೆ ಬಿಡಬೇಡಿ

ಬಾಲ್ಕನಿಗೆ ಬಲೆ ಹಾಕಿಸಿದ್ದೀವಿ, ಇನ್ನು ಬೆಕ್ಕು ಆರಾಮಾಗಿ ಓಡಾಡಿಕೊಂಡಿರಲಿ ಅಂತ ಇದ್ದೀರಲ್ಲ, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನೂ ಹಾಗೇ ಇದ್ದೆ. ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬೆಕ್ಕು ಬೂದಿ ಮೂರನೇ ಮಹಡಿಯಿಂದ ಪಾರ್ಕಿಂಗಿನ ಸಿಮೆಂಟ್ ನೆಲಕ್ಕೆ ಬಿದ್ದಳು. ಬಲೆ ಇತ್ತು. ಆ ಬಲೆಯನ್ನು ಹರಿದುಕೊಂಡೇ ಬಿದ್ದಳು.

ಬೂದಿಗೆ ನಾಲ್ಕು ವರ್ಷ, ನಾಲ್ಕು ಕೆಜಿ ತೂಕ. ಬೆಂಗಳೂರಿನಲ್ಲಿ ನಮ್ಮದು ಬಾಡಿಗೆ ಫ್ಲ್ಯಾಟು. ಕೆಳಗೆ ಬಿಟ್ಟರೆ ಬೀದಿನಾಯಿ, ಬೈಕು, ಬೇರೆ ಬೆಕ್ಕುಗಳ ಜಗಳ. ಒಳಗೇ ಕೂಡಿಹಾಕಿದರೆ ಬಾಲ್ಕನಿ ಬಾಗಿಲು ಕೆರೆಯುತ್ತಾ ಕೂಗುತ್ತಿದ್ದಳು. ಬಿಸಿಲು ಬೇಕು, ಗಾಳಿ ಬೇಕು, ಪಾರಿವಾಳ ನೋಡಬೇಕು, ಪಾಪ ಅದೆಲ್ಲ ಬೆಕ್ಕಿಗೆ ನಿಜವಾಗಿ ಬೇಕಾದದ್ದೇ. ಅದಕ್ಕೆ ಎರಡು ವರ್ಷದ ಹಿಂದೆ ಬಲೆ ಹಾಕುವವರನ್ನು ಕರೆಸಿದೆ. ಬೆಕ್ಕಿದೆ ಅಂತ ಮೊದಲೇ ಹೇಳಿದ್ದೆ. 'ಐದು ವರ್ಷ ಗ್ಯಾರಂಟಿ ಸಾರ್, ಮಗು ಒರಗಿದರೂ ಏನಾಗಲ್ಲ' ಅಂದರು. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಸಿ ಹೋದರು. ಅವತ್ತಿನಿಂದ ನಾನು ಆ ಬಲೆಯನ್ನು ಒಂದು ದಿನವೂ ಮುಟ್ಟಿ ನೋಡಲಿಲ್ಲ.

ಅವತ್ತು ಏಳು ಗಂಟೆ ಇರಬೇಕು. ನಾನು ಒಳಗೆ ಕಾಫಿ ಬೆರೆಸುತ್ತಿದ್ದೆ. ಹೊರಗೆ ಪಟಪಟ ಅಂತ ರೆಕ್ಕೆ ಸದ್ದು, ಅದರ ಹಿಂದೆಯೇ ಬಟ್ಟೆ ಹರಿದ ಹಾಗೆ ಒಂದು ಸದ್ದು, ಆಮೇಲೆ ಏನೂ ಇಲ್ಲ. ಬಂದು ನೋಡಿದರೆ ಎಡಮೂಲೆಯಲ್ಲಿ ಬಲೆ ಸಡಿಲವಾಗಿ ಜೋಲುತ್ತಿತ್ತು. ಎಸಿ ಪೈಪಿನ ಪಕ್ಕ, ಕೆಳಗಡೆ, ಒಂದು ಗೇಣಿನಷ್ಟು ತೂತು.

ಕೆಳಗೆ ಓಡಿದೆ. ಬಿದ್ದ ಜಾಗದಲ್ಲಿ ಅವಳಿಲ್ಲ. ಹತ್ತು ನಿಮಿಷ ಗೇಟಿನ ಹೊರಗೆಲ್ಲ ಹುಡುಕಿದೆ, ಅದೇ ನಾನು ಮಾಡಿದ ತಪ್ಪು. ಪೆಟ್ಟು ಬಿದ್ದ ಬೆಕ್ಕು ಸಾಮಾನ್ಯವಾಗಿ ದೂರ ಹೋಗುವುದಿಲ್ಲ, ಹತ್ತಿರದ ಕತ್ತಲೆ ಮೂಲೆಗೆ ನುಸುಳಿ ಸದ್ದಿಲ್ಲದೆ ಕೂರುತ್ತದೆ. ಬೂದಿ ಬಿದ್ದ ಜಾಗದಿಂದ ನಾಲ್ಕೇ ಹೆಜ್ಜೆ ದೂರದಲ್ಲಿ, ಒಂದು ಕಾರಿನ ಹಿಂದಿನ ಚಕ್ರದ ಒಳಬದಿಗೆ ಒತ್ತಿಕೊಂಡು ಕೂತಿದ್ದಳು. ಗದ್ದದ ಮೇಲೆ ರಕ್ತ. ಬಾಯಿ ತೆರೆದುಕೊಂಡು ನಾಯಿ ಹಾಗೆ ಉಸಿರಾಡುತ್ತಿದ್ದಳು. ಬೆಕ್ಕು ಹಾಗೆ ಬಾಯಲ್ಲಿ ಉಸಿರಾಡುತ್ತಿದೆ ಅಂದರೆ ಒಂದು ನಿಮಿಷವೂ ಕಾಯಬಾರದು ಅಂತ ನನಗೆ ಆಮೇಲೆ ಗೊತ್ತಾಯಿತು.

ಸುತ್ತ ಸೇರಿದವರು ಹೇಳಿದ್ದು ಒಂದೇ ಮಾತು: ಬೆಕ್ಕಲ್ವಾ, ನಾಲ್ಕು ಕಾಲ ಮೇಲೆ ಬೀಳುತ್ತೆ, ಸ್ವಲ್ಪ ಹೊತ್ತು ಬಿಟ್ಟರೆ ಸರಿಯಾಗುತ್ತೆ, ಹಾಲು ಕೊಡಿ. ಈ ಮಾತು ಎಷ್ಟು ಬೆಕ್ಕುಗಳ ಜೀವ ತೆಗೆದಿದೆಯೋ. ಬೆಕ್ಕು ಗಾಳಿಯಲ್ಲಿ ಮೈ ತಿರುಗಿಸಿ ಕಾಲು ಕೆಳಗೆ ಮಾಡಿಕೊಳ್ಳುತ್ತದೆ, ಅದು ನಿಜ. ಆದರೆ ಬೀಳುವ ವೇಗ ಎಲ್ಲಿ ಹೋಗಬೇಕು? ಮೊದಲು ಕಾಲು ನೆಲಕ್ಕೆ ತಾಗುತ್ತದೆ, ಹಿಂದೆಯೇ ಎದೆ, ಗದ್ದ ಬಡಿಯುತ್ತವೆ. ಬೂದಿಗೆ ಆಗಿದ್ದು ಅದೇ. ಬಾಯೊಳಗಿನ ಅಂಗುಳ ಉದ್ದಕ್ಕೆ ಸೀಳಿತ್ತು, ಮುಂದಿನ ಬಲಗಾಲು ಮುರಿದಿತ್ತು, ಎಲ್ಲಕ್ಕಿಂತ ಅಪಾಯದ್ದು ಎಂದರೆ ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನಲ್ಲಿ ತುಂಬಿಕೊಂಡು ಅವಳಿಗೆ ಉಸಿರು ಎಳೆಯೋಕೆ ಜಾಗವೇ ಇರಲಿಲ್ಲ. ಹೊರಗೆ ನೋಡಿದರೆ ಆ ಗದ್ದದ ಗಾಯ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಭಾನುವಾರ ಎಕ್ಸ್‌ರೇ ಇರಲಿಲ್ಲ. ಅಲ್ಲಿದ್ದವರು ಒಂದು ಇಂಜೆಕ್ಷನ್ ಕೊಟ್ಟು ನಾಳೆ ಬನ್ನಿ ಅಂದರು. ನಾಳೆಗೆ ಅವಳು ಉಳಿಯುತ್ತಿರಲಿಲ್ಲ. ಎರಡನೇ ಕಡೆ ಆಕ್ಸಿಜನ್ ಕೊಟ್ಟು, ಎಕ್ಸ್‌ರೇ ತೆಗೆದು, ಸೂಜಿ ಹಾಕಿ ಎದೆಯ ಗಾಳಿ ತೆಗೆದರು. ಆ ಸಂಜೆ ಅವಳು ಬಾಯಿ ಮುಚ್ಚಿ ಉಸಿರಾಡಿದ್ದನ್ನು ನೋಡಿ ನಾನು ಅಲ್ಲೇ ಕುರ್ಚಿ ಮೇಲೆ ಕೂತು ಅತ್ತುಬಿಟ್ಟೆ. ಆರು ವಾರ ಪಂಜರದಲ್ಲೇ ಇದ್ದಳು. ಈಗ ಓಡಾಡುತ್ತಾಳೆ, ಕಾಲು ಸ್ವಲ್ಪ ಎಳೆಯುತ್ತದೆ.

ಎತ್ತರದಿಂದ ಬಿದ್ದ ಬೆಕ್ಕುಗಳ ಬಗ್ಗೆ 1987ರಲ್ಲಿ ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದರ ವೈದ್ಯರು ಬರೆದದ್ದನ್ನು ಎಲ್ಲರೂ ಹೇಳುತ್ತಾರೆ: 132 ಬೆಕ್ಕುಗಳು, ಚಿಕಿತ್ಸೆ ಸಿಕ್ಕವುಗಳಲ್ಲಿ ಶೇಕಡಾ 90 ಬದುಕಿದವು ಅಂತ. ಅದನ್ನು ಕೇಳಿ ಧೈರ್ಯ ತಂದುಕೊಳ್ಳಬೇಡಿ. ಅವು ಆಸ್ಪತ್ರೆವರೆಗೆ ಬಂದ ಬೆಕ್ಕುಗಳು. ಬಿದ್ದ ಜಾಗದಲ್ಲೇ ಸತ್ತವನ್ನು ಯಾರು ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಾರೆ?

ಈಗ ಬಲೆ ವಿಷಯಕ್ಕೆ ಬರುತ್ತೇನೆ. ವಾರ ಆದಮೇಲೆ ಕೂತು ಅದನ್ನು ಸರಿಯಾಗಿ ನೋಡಿದೆ. ಹರಿದ ಮೂಲೆಯಲ್ಲಿ ಕೆಲವು ಎಳೆಗಳ ತುದಿ ಹತ್ತಿಯ ಹಾಗೆ ಅರಳಿಕೊಂಡಿತ್ತು. ಅವು ಅವತ್ತು ಹರಿದವಲ್ಲ. ಅವಳು ಎಷ್ಟೋ ದಿನದಿಂದ ಅಲ್ಲಿ ಕೂತು ಕಡಿದಿದ್ದಾಳೆ, ನಾನು ಅಲ್ಲೇ ಪಕ್ಕದಲ್ಲಿ ಪೇಪರ್ ಓದುತ್ತಾ ಕೂತಿದ್ದೇನೆ. ಪಶ್ಚಿಮದ ಬಿಸಿಲು ಬೀಳುವ ಕಡೆ ಎಳೆ ಹಿಡಿದು ಉಜ್ಜಿದರೆ ಬೆರಳಿಗೆ ಬಿಳಿ ಪುಡಿ ಹತ್ತುತ್ತಿತ್ತು. ನೈಲಾನ್ ಬಿಸಿಲಿಗೆ ಹೀಗೆ ಸಾಯುತ್ತದೆ, ದೂರದಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ. ಇನ್ನು ಕೊಕ್ಕೆಗಳು, ಪ್ಲಾಸ್ಟಿಕ್ ಪ್ಲಗ್ಗಿಗೆ ತಿರುಪಿದ್ದವು. ಗೋಡೆಯ ಗಾರೆ ಸಡಿಲವಾಗಿ ಮೂರು ಕೊಕ್ಕೆ ಕೈಯಲ್ಲೇ ಈಚೆಗೆ ಬಂದವು.

ಯೋಚನೆ ಮಾಡಿ, ಆ ಬಲೆ ಮಾಡಿರುವುದೇ ಹೊರಗಿನ ಪಾರಿವಾಳ ಒಳಗೆ ಬರದಿರಲಿ ಅಂತ. ಪಾರಿವಾಳ ಬಲೆಗೆ ತಾಗಿ ತಿರುಗಿ ಹೋಗುತ್ತದೆ. ಬೆಕ್ಕು ಒಳಗಿನಿಂದ ಮೈಭಾರವೆಲ್ಲ ಹಾಕಿ ಹಾರುತ್ತದೆ, ಉಗುರು ಸಿಕ್ಕಿಸಿ ಹತ್ತುತ್ತದೆ, ಹಲ್ಲಲ್ಲಿ ಕಡಿಯುತ್ತದೆ. ಕಿಟಕಿಗೆ ವೆಲ್ಕ್ರೋದಲ್ಲಿ ಅಂಟಿಸುವ ಸೊಳ್ಳೆ ಪರದೆ ಇನ್ನೂ ಅನ್ಯಾಯ, ಬೆಕ್ಕು ಒರಗಿದರೆ ಸಾಕು, ಮೂಲೆ ಬಿಟ್ಟುಕೊಳ್ಳುತ್ತದೆ. ಸ್ಟೀಲ್ ತಂತಿಯ ಇನ್‌ವಿಸಿಬಲ್ ಗ್ರಿಲ್ ಗಟ್ಟಿಯೇ, ಆದರೆ ಎರಡು ಇಂಚು ಬಿಟ್ಟು ಎಳೆದ ತಂತಿಯ ನಡುವೆ ಮರಿಗಳು ಸುಲಭವಾಗಿ ನುಸುಳುತ್ತವೆ, ಸಣಕಲು ದೊಡ್ಡ ಬೆಕ್ಕನ್ನೂ ನಂಬುವ ಹಾಗಿಲ್ಲ.

ಈಗ ನಾವು ಹಾಕಿಸಿರುವುದು ಒಂದಿಂಚು ಚೌಕದ ವೆಲ್ಡೆಡ್ ಜಿಐ (ಸತುವಿನ ಲೇಪ ಇರುವ ಕಬ್ಬಿಣದ) ಜಾಲರಿ. ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಗಾರೆ ಬಿಟ್ಟು ಕಾಂಕ್ರೀಟಿಗೇ ಆಂಕರ್ ಬೋಲ್ಟ್ ಹೊಡೆಸಿದೆವು. ನೆಲದಿಂದ ಸೂರಿನವರೆಗೂ ಇದೆ, ಯಾಕಂದರೆ ಮೇಲೆ ಅರ್ಧ ಅಡಿ ಬಿಟ್ಟರೂ ಬೆಕ್ಕು ಜಾಲರಿಯನ್ನೇ ಏಣಿ ಮಾಡಿಕೊಳ್ಳುತ್ತದೆ. ಎಸಿ ಪೈಪಿನ ಸುತ್ತ ಬೇರೆ ತುಂಡು ಕತ್ತರಿಸಿ ಮುಚ್ಚಿಸಿದೆ. ಅಸೋಸಿಯೇಷನ್ನಿನವರು ಹೊರನೋಟ ಕೆಡುತ್ತದೆ ಅಂತ ಮೊದಲು ಒಪ್ಪಲಿಲ್ಲ. ಜಾಲರಿಯನ್ನು ರೇಲಿಂಗಿನ ಒಳಬದಿಗೆ ಹಾಕಿ ಕಪ್ಪು ಬಣ್ಣ ಹೊಡೆಸುತ್ತೇವೆ ಅಂದಮೇಲೆ ಒಪ್ಪಿದರು. ಮನೆ ಮಾಲೀಕರಿಗೂ ಮೊದಲೇ ಹೇಳಿ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಖರ್ಚು ಬಲೆಗಿಂತ ತುಂಬಾ ಜಾಸ್ತಿ, ಆದರೆ ಆಸ್ಪತ್ರೆ ಬಿಲ್ಲಿನ ಅರ್ಧವೂ ಆಗಲಿಲ್ಲ. ಕೆಲಸ ಮುಗಿದ ಮೇಲೆ ಹಾಕಿದವರ ಎದುರಿಗೇ ಎರಡೂ ಕೈಯಲ್ಲಿ ಹಿಡಿದು, ನನ್ನ ಭಾರ ಹಾಕಿ ತಳ್ಳಿ, ಎಳೆದು ನೋಡಿದೆ. ದುಡ್ಡು ಕೊಟ್ಟಿದ್ದು ಆಮೇಲೆ.

ಬಾಲ್ಕನಿಯ ಗಿಡಗಳನ್ನೂ ನೋಡಿಕೊಳ್ಳಿ, ಇದನ್ನು ನನಗೆ ಆ ಎರಡನೇ ಆಸ್ಪತ್ರೆಯ ಡಾಕ್ಟರೇ ಹೇಳಿದ್ದು. ಲಿಲ್ಲಿ ಹೂವು ಇದ್ದರೆ ಇವತ್ತೇ ತೆಗೆಯಿರಿ. ಅದರ ಪರಾಗ ಮೈಗೆ ಹತ್ತಿ ಬೆಕ್ಕು ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತದೆ. ಕಣಗಿಲೆ ಮತ್ತು ಸೈಕಸ್ ಕೂಡ ವಿಷ. ಮನಿ ಪ್ಲಾಂಟ್ ಕಡಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತದೆ. ನಾವು ಅದೆಲ್ಲ ತೆಗೆದು ಒಂದು ಅಗಲದ ಕುಂಡದಲ್ಲಿ ರಾಗಿ ಚೆಲ್ಲಿದ್ದೇವೆ, ಮೊಳಕೆ ಬಂದ ಹುಲ್ಲನ್ನು ಬೂದಿ ಮೇಯುತ್ತಾಳೆ. ಇನ್ನೊಂದು ಮೂಲೆಯಲ್ಲಿ ನೆರಳಿಗೆ ಚಾಪೆ ಕಟ್ಟಿದ್ದೇವೆ, ಮಣ್ಣಿನ ಬಟ್ಟಲಲ್ಲಿ ನೀರು ಇರುತ್ತದೆ.

ಅಕಸ್ಮಾತ್ ಬಿದ್ದರೆ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ನಾನು ಹಾಗೇ ಎತ್ತಿದೆ, ಮುರಿದ ಕಾಲು ಇನ್ನೂ ನೊಂದಿತು. ಒಂದು ರಟ್ಟು ಅಥವಾ ಮಣೆ ಅಡಿಗೆ ತೂರಿಸಿ, ಮೇಲೊಂದು ಟವೆಲ್ ಹೊದಿಸಿ. ಬಾಯಿಗೆ ನೀರು, ಹಾಲು ಏನೂ ಹಾಕಬೇಡಿ. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ನಡೆದಾಡುತ್ತಿದ್ದರೂ ಎದೆಯ ಎಕ್ಸ್‌ರೇ ಮಾಡಿಸಿ. ಭಾನುವಾರ, ರಾತ್ರಿ ಎಕ್ಸ್‌ರೇ ಇರುವ ಆಸ್ಪತ್ರೆ ನಿಮ್ಮ ಹತ್ತಿರ ಯಾವುದು ಅಂತ ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಇದನ್ನು ಓದಿದ ಮೇಲೆ ಎದ್ದು ಬಾಲ್ಕನಿಗೆ ಹೋಗಿ. ಬಲೆಯ ಕೆಳ ಅಂಚಿನಲ್ಲಿ, ಬಿಸಿಲು ಬೀಳುವ ಕಡೆ, ಒಂದು ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಪುಡಿ ಹತ್ತಿದರೆ ಬೆಕ್ಕನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಬಿಡಿ.